ಲೇಸರ್ ದೋಣಿಯ ಮೂರು ಹಗ್ಗಗಳು

2001ರಲ್ಲಿ ಲೇಸರ್ ಹಾಯಿದೋಣಿಯ ನಿಯಮಗಳನ್ನು ತಿದ್ದಿದಾಗ ದೋಣಿಯ ಒಡಲು ಇದ್ದ ಹಾಗೇ ಉಳಿಯಿತು. ಹಾಯಿಯ ಅಳತೆ, ಕಂಬ, ಚುಕ್ಕಾಣಿ ಯಾವುದಕ್ಕೂ ಕೈಹಚ್ಚಲಿಲ್ಲ. ಬದಲಾದದ್ದು ಮೂರು ಹಗ್ಗಗಳ ಹಾದಿ. ಸಣ್ಣ ದೋಣಿಗಳ ಲೋಕದಲ್ಲಿ ಇಷ್ಟು ಕಡಿಮೆ ಸಾಮಾನಿನಿಂದ ಇಷ್ಟು ಜನರಿಗೆ ಉಪಕಾರವಾದ ಇನ್ನೊಂದು ತಿದ್ದುಪಡಿ ನನಗೆ ಕಾಣುವುದಿಲ್ಲ. ಹಾಗೆಂದು ಅದನ್ನು ಕಣ್ಣುಮುಚ್ಚಿ ಹೊಗಳುವುದಕ್ಕೂ ಮನಸ್ಸು ಒಪ್ಪದು. ಅದು ಒಂದು ಕಡೆಯ ತೊಡಕು ಬಿಡಿಸಿ ಇನ್ನೊಂದು ಕಡೆ ಭಾರ ಹೇರಿತು. ಅದರ ಹೆಸರಿನಲ್ಲಿ ಇವತ್ತು ನಡೆಯುವ ಕೊಳ್ಳುವಿಕೆಯ ಭರಾಟೆಯಲ್ಲಿ ಅದರ ನಿಜವಾದ ಒಳ್ಳೆಯತನ ಎಲ್ಲಿದೆ ಎಂಬುದೂ ಮರೆತುಹೋಗುತ್ತಿದೆ. ಹಗ್ಗ ಎಷ್ಟು ಬಲವಾಗಿ ಬಿಗಿಯುತ್ತದೆ ಎಂಬುದನ್ನೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಬಿಟ್ಟಾಗ ಅದು ಎಷ್ಟು ಸಲೀಸಾಗಿ ಸಡಿಲುತ್ತದೆ ಎಂದು ಕೇಳುವವರು ಕಡಿಮೆ. ಈ ಸುಧಾರಣೆಯನ್ನು ನಾನು ತೂಗುವುದು ಎರಡನೆಯ ಪ್ರಶ್ನೆಯಿಂದ.

ಲೇಸರ್ ಅಷ್ಟು ಬರಿಗೈಯಲ್ಲಿ ಹುಟ್ಟಿದ್ದಕ್ಕೆ ಕಾರಣವಿತ್ತು. 1969ರಲ್ಲಿ ಮಾಂಟ್ರಿಯಲ್‌ನ ಇಯಾನ್ ಬ್ರೂಸ್, ದೋಣಿ ವಿನ್ಯಾಸಕಾರ ಬ್ರೂಸ್ ಕರ್ಬಿಗೆ ಫೋನ್ ಮಾಡಿ ಕೇಳಿದ್ದು ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದಾದ ಒಂದು ಅಗ್ಗದ ದೋಣಿಯನ್ನು. ಮಾತಾಡುತ್ತಲೇ ಕರ್ಬಿ ಕಾಗದದ ಮೇಲೆ ಗೀಚಿದ ಚಿತ್ರವೇ ಲೇಸರಿನ ಮೂಲ. ಹಾಯಿ ಹೊಲಿದವರು ಹಾನ್ಸ್ ಫಾಗ್. 1970ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ದೋಣಿಗಳಿಗೆಂದೇ ನಡೆದ ಪಂದ್ಯದಲ್ಲಿ ಅದು ಕಾಣಿಸಿಕೊಂಡಿತು. ಮರುವರ್ಷ ನ್ಯೂಯಾರ್ಕ್ ಬೋಟ್ ಶೋನಲ್ಲಿ ಮಾರಾಟಕ್ಕೆ ಬಂದಾಗ ಬೆಲೆ 695 ಡಾಲರ್. ಉದ್ದ ಸುಮಾರು 4.2 ಮೀಟರ್, ಒಡಲಿನ ತೂಕ 59 ಕಿಲೋ, ಹಾಯಿ 7.06 ಚದರ ಮೀಟರ್. ಆ ಬೆಲೆಗೆ ಆ ದೋಣಿ ಸಿಗಬೇಕಿದ್ದರೆ ಎಲ್ಲಾದರೂ ಉಳಿಸಲೇಬೇಕಿತ್ತು. ಉಳಿಸಿದ್ದು ರಾಟೆಗಳಲ್ಲಿ, ಹಗ್ಗ ಕಚ್ಚಿ ಹಿಡಿಯುವ ಕ್ಲೀಟುಗಳಲ್ಲಿ. ವಾರದ ಕೊನೆಗೆ ಕೆರೆಗೆ ಹೋಗಿ ಸುತ್ತಾಡಿ ಬರುವವರಿಗೆ ಅಷ್ಟೇ ಸಾಕು ಎಂಬುದು ಅಂದಿನ ಲೆಕ್ಕಾಚಾರ. ಅದು ತಪ್ಪಾಗಿರಲಿಲ್ಲ.

ಆದರೆ ಜನ ಅದನ್ನು ಸುತ್ತಾಟಕ್ಕೆ ಬಿಡಲಿಲ್ಲ, ಪಂದ್ಯಕ್ಕೆ ಎಳೆದುಕೊಂಡರು. ಎಲ್ಲರ ದೋಣಿಯೂ ಒಂದೇ ಅಚ್ಚಿನದು, ಗೆಲ್ಲುವುದು ಬಿಡುವುದು ನಡೆಸುವವರ ಕೈಯಲ್ಲಿದೆ ಎಂಬ ಮಾತು ಎಲ್ಲೆಡೆ ಹಿಡಿಸಿತು. ಎರಡು ಲಕ್ಷಕ್ಕೂ ಹೆಚ್ಚು ದೋಣಿಗಳು ತಯಾರಾದವು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಲೇಸರ್ ಪ್ರವೇಶ ಪಡೆಯಿತು. ಈ ಸಮಾನತೆಯನ್ನು ಕಾಯುವುದಕ್ಕೆ ಲೇಸರ್ ವರ್ಗದ ದೋಣಿಗಳ ಸಂಘ ಒಂದು ಬಿಗಿ ನಿಯಮ ಇಟ್ಟುಕೊಂಡಿತ್ತು: ಮಾಡಬಹುದು ಎಂದು ನಿಯಮದಲ್ಲಿ ಬರೆದಿರದ ಯಾವುದನ್ನೂ ಮಾಡಕೂಡದು. ಒಂದು ರಾಟೆಯನ್ನು ಹೆಚ್ಚಿಗೆ ಕಟ್ಟಿದರೂ ದೋಣಿ ಪಂದ್ಯದಿಂದ ಹೊರಗೆ. ಹೀಗಾಗಿ 695 ಡಾಲರಿನ ದೋಣಿಗೆಂದು ಆರಿಸಿದ ಹಗ್ಗದ ಏರ್ಪಾಡು ಒಲಿಂಪಿಕ್ಸ್ ಅಂಗಳದವರೆಗೂ ಹಾಗೇ ಬಂತು.

ಆ ಹಗ್ಗಗಳು ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲೇಸರಿನ ಕಂಬಕ್ಕೆ ಆಚೀಚೆಯಿಂದ ಎಳೆದು ಕಟ್ಟಿದ ತಂತಿಗಳಿಲ್ಲ. ಎರಡು ಕೊಳವೆಗಳನ್ನು ಒಂದರೊಳಗೊಂದು ಸಿಕ್ಕಿಸಿ, ಹಾಯಿಯ ಮುಂಅಂಚಿನ ತೋಳನ್ನು ಅದಕ್ಕೆ ತೊಡಿಸಿ, ಡೆಕ್ಕಿನ ಕುಳಿಯಲ್ಲಿ ನಿಲ್ಲಿಸಿದರೆ ಕಂಬ ಎದ್ದ ಹಾಗೆ. ಆ ಕಂಬ ಗಾಳಿಗೆ ಎಷ್ಟು ಬಾಗಬೇಕು, ಹಾಯಿ ಎಷ್ಟು ಹೊಟ್ಟೆಬಿಡಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಹಗ್ಗಗಳೇ. ಕಂಬದ ಬುಡದಿಂದ ಓರೆಯಾಗಿ ಮೇಲೆ ಹೋಗಿ ಬೂಮ್ ಎಂಬ ಅಡ್ಡಕೋಲನ್ನು ಕೆಳಕ್ಕೆ ಜಗ್ಗುವುದು ವ್ಯಾಂಗ್. ಅದು ಜಗ್ಗಿದಾಗ ಬೂಮಿನ ಮುಂತುದಿ ಕಂಬವನ್ನು ಮುಂದಕ್ಕೆ ಒತ್ತುತ್ತದೆ, ಕಂಬ ಬಾಗುತ್ತದೆ, ಹಾಯಿ ಚಪ್ಪಟೆಯಾಗುತ್ತದೆ. ಹಾಯಿಯ ಮುಂಅಂಚನ್ನು ಕೆಳಕ್ಕೆ ಎಳೆಯುವುದು ಕನಿಂಗ್‌ಹ್ಯಾಮ್. ಅದನ್ನು ಎಳೆದಾಗ ಹಾಯಿಯ ಹೊಟ್ಟೆ ಮುಂದಕ್ಕೆ ಸರಿಯುತ್ತದೆ, ಮೇಲ್ಭಾಗದ ಹಿಂಅಂಚು ತೆರೆದುಕೊಂಡು ಹೆಚ್ಚಿನ ಗಾಳಿ ಜಾರಿಹೋಗುತ್ತದೆ. ಹಾಯಿಯ ಹಿಂಮೂಲೆಯನ್ನು ಬೂಮಿನ ತುದಿಯ ಕಡೆಗೆ ಎಳೆಯುವ ಔಟ್‌ಹಾಲ್ ಕೆಳಭಾಗದ ಉಬ್ಬನ್ನು ತಿದ್ದುತ್ತದೆ. ಗಾಳಿಗೆ ಎದುರಾಗಿ ಏರುವಾಗ ಈ ಮೂರೂ ಬಿಗಿಯಾಗಬೇಕು. ತಿರುವಿನ ಗುರುತಿಗೆ ತೇಲಿಬಿಟ್ಟ ಬುರುಡೆ ಸುತ್ತಿ ಗಾಳಿಯನ್ನು ಬೆನ್ನಿಗಿಟ್ಟುಕೊಂಡ ತಕ್ಷಣ ಮೂರೂ ಸಡಿಲಬೇಕು. ಒಂದು ಪಂದ್ಯದಲ್ಲಿ ಇದು ಮತ್ತೆ ಮತ್ತೆ ಆಗುವ ಕೆಲಸ.

ಹಳೆಯ ಏರ್ಪಾಡಿನಲ್ಲಿ ಔಟ್‌ಹಾಲ್ ಹಗ್ಗವನ್ನು ಕಚ್ಚಿ ಹಿಡಿಯುವ ಕ್ಲೀಟು ಬೂಮಿನ ಮೇಲೇ ಇತ್ತು. ಗಾಳಿ ಬೆನ್ನಿಗೆ ಬಂದಾಗ ಬೂಮ್ ದೋಣಿಯ ಹೊರಗೆ, ನೀರಿನ ಮೇಲೆ ಚಾಚಿಕೊಂಡಿರುತ್ತದೆ. ಅಂದರೆ ಹಗ್ಗವನ್ನು ಸಡಿಲಿಸಲೇಬೇಕಾದ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ. ವ್ಯಾಂಗಿನ ಕ್ಲೀಟು ಕಂಬದ ಬುಡದಲ್ಲಿ. ಅದನ್ನು ಮುಟ್ಟಲು ದೋಣಿಯ ಅಂಚು ಬಿಟ್ಟು ಒಳಕ್ಕೆ ಬಂದು ಮುಂದಕ್ಕೆ ಬಗ್ಗಬೇಕು. ಗಾಳಿ ಜೋರಾಗಿದ್ದಾಗ ಅಂಚಿನಿಂದ ಹೊರಕ್ಕೆ ಬಾಗಿ ಕೂತ ಮೈಭಾರವೇ ದೋಣಿಯನ್ನು ನೆಟ್ಟಗೆ ಹಿಡಿದಿರುತ್ತದೆ. ಒಳಕ್ಕೆ ಬಂದರೆ ದೋಣಿ ಓಲುತ್ತದೆ, ವೇಗ ಕಳೆಯುತ್ತದೆ, ಕೆಲವೊಮ್ಮೆ ಮಗುಚಿಯೂ ಬಿಡುತ್ತದೆ.

ವ್ಯಾಂಗಿಗೆ ಇದ್ದ ಬಲವೂ ಕಡಿಮೆ, ಕೈಯ ಎಳೆತದ ಮೂರು ನಾಲ್ಕು ಪಟ್ಟು ಅಷ್ಟೇ. ಇದಕ್ಕೆ ಪಳಗಿದವರು ಕಂಡುಕೊಂಡಿದ್ದ ಉಪಾಯ ಹೀಗಿತ್ತು: ಮೊದಲು ಮೇನ್‌ಶೀಟನ್ನು, ಅಂದರೆ ಬೂಮನ್ನು ಒಳಕ್ಕೂ ಹೊರಕ್ಕೂ ಆಡಿಸುವ ಮುಖ್ಯ ಹಗ್ಗವನ್ನು, ರಾಟೆಗೆ ರಾಟೆ ತಾಗುವ ತನಕ ಎಳೆಯುವುದು. ಬೂಮ್ ಕೆಳಕ್ಕೆ ಬಂದು ಕಂಬ ಬಾಗಿ ವ್ಯಾಂಗಿನ ಹಗ್ಗ ಜೋತುಬೀಳುತ್ತದೆ. ಆ ಜೋತನ್ನು ಎಳೆದುಕೊಂಡು ಕ್ಲೀಟಿಗೆ ಕಚ್ಚಿಸುವುದು. ತೋಳು ಬೆನ್ನು ಗಟ್ಟಿಯಾಗಿರುವ ಎಂಬತ್ತು ಕಿಲೋದ ಆಳಿಗೆ ಇದು ಸಾಧ್ಯ. ಅಲೆಯ ಮೇಲೆ, ಬಿರುಗಾಳಿಯಲ್ಲಿ, ಅರವತ್ತು ಕಿಲೋದ ಹುಡುಗಿಗೆ ಇದು ಆಗದ ಮಾತು. ಎಲ್ಲರ ದೋಣಿಯೂ ಒಂದೇ ಎಂಬ ಹೆಮ್ಮೆಯ ಕೆಳಗೆ ಈ ಅಸಮಾನತೆ ಅವಿತುಕೊಂಡಿತ್ತು. ಸಾಮಾನು ಒಂದೇ ಆದ ಮಾತ್ರಕ್ಕೆ ಅವಕಾಶ ಒಂದೇ ಆಗಲಿಲ್ಲ.

ನಿಯಮ ರಾಟೆಯನ್ನು ಕೊಡದಿದ್ದಾಗ ಜನ ಹಗ್ಗದಲ್ಲೇ ರಾಟೆ ಮಾಡಿಕೊಂಡರು. ಹಗ್ಗಕ್ಕೆ ಗಂಟು ಹಾಕಿ ಕುಣಿಕೆ ಮಾಡಿ, ಅದರೊಳಗೆ ಅದೇ ಹಗ್ಗವನ್ನು ತೂರಿಸಿ ಹಿಂದಕ್ಕೆ ತಂದು, ಮತ್ತೊಂದು ಕುಣಿಕೆಗೆ ತೂರಿಸುವುದು. ಕುಣಿಕೆಯೊಳಗೆ ಪ್ಲಾಸ್ಟಿಕ್ಕಿನದೋ ಲೋಹದ್ದೋ ಒಂದು ಸಣ್ಣ ಬಳೆ ಇಟ್ಟರೆ ತುಸು ನಯ. ತೊಂಬತ್ತರ ದಶಕದ ಪಂದ್ಯಗಳಲ್ಲಿ ಕಂಬದ ಬುಡದಲ್ಲಿ ಕಾಣುತ್ತಿದ್ದದ್ದು ಇಂಥ ಕುಣಿಕೆಗಳ ಗೋಜಲು. ಅದರಲ್ಲಿ ಜಾಣತನವಿತ್ತು, ಅದನ್ನು ನಾನು ಮೆಚ್ಚುತ್ತೇನೆ. ಆದರೆ ಹಗ್ಗದ ಮೇಲೆ ಹಗ್ಗ ಉಜ್ಜಿದರೆ ಬಲ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಇಡೀ ವಿಷಯದ ತಿರುಳು ಆ ಲೆಕ್ಕದಲ್ಲಿದೆ.

ಬಾವಿಯ ಮೇಲಿನ ರಾಟೆ ಎಳೆಯುವ ದಿಕ್ಕನ್ನು ಮಾತ್ರ ಬದಲಿಸುತ್ತದೆ, ಭಾರ ಕಡಿಮೆ ಮಾಡುವುದಿಲ್ಲ. ಭಾರದ ಜತೆಗೇ ಸರಿಯುವ ರಾಟೆ ಇದ್ದರೆ ಮಾತ್ರ ಹಗ್ಗದ ಎಳೆಗಳು ಭಾರವನ್ನು ಹಂಚಿಕೊಳ್ಳುತ್ತವೆ. ಐದು ಎಳೆ ಹಂಚಿಕೊಂಡರೆ ಐದು ಪಟ್ಟು ಎನ್ನುತ್ತಾರೆ. ಇದು ಘರ್ಷಣೆಯೇ ಇಲ್ಲದ ಲೋಕದ ಮಾತು. ಪ್ರತಿ ತಿರುವಿನಲ್ಲೂ ಎಳೆತದ ಹತ್ತನೇ ಒಂದು ಭಾಗ ಕಳೆದುಹೋಗುತ್ತದೆ ಎಂದುಕೊಳ್ಳಿ. ಆಗ ಐದು ಎಳೆಗಳಿಂದ ಸಿಗುವುದು ಸುಮಾರು 4.1 ಪಟ್ಟು. ಹಗ್ಗದ ಕುಣಿಕೆಯಲ್ಲಿ ಹಗ್ಗ ತಿರುಗಿ ಪ್ರತಿ ತಿರುವಿಗೆ ಹತ್ತರಲ್ಲಿ ಮೂರು ಭಾಗ ಹೋಯಿತು ಅನ್ನಿ, ಸಿಗುವುದು 2.8 ಪಟ್ಟು ಮಾತ್ರ. ಇನ್ನೂ ಎಳೆ ಸೇರಿಸುತ್ತ ಹೋದರೂ, ಹತ್ತಲ್ಲ ಇಪ್ಪತ್ತು ಸುತ್ತು ಸುತ್ತಿದರೂ, ಅದು 3.3 ಪಟ್ಟನ್ನು ದಾಟುವುದೇ ಇಲ್ಲ. ಸುತ್ತು ಹೆಚ್ಚಿಸಿದವರಿಗೆ ದಕ್ಕಿದ್ದು ಬಲವಲ್ಲ, ಉದ್ದವಾದ ಹಗ್ಗ.

ಬಿಡುವಾಗಿನ ಲೆಕ್ಕ ಇದಕ್ಕಿಂತ ಕಠಿಣ. ನೂರು ಕಿಲೋ ಭಾರವನ್ನು ಹಿಡಿದಿದ್ದೇವೆ ಎಂದುಕೊಳ್ಳೋಣ. ಹತ್ತರಲ್ಲಿ ಮೂರು ಭಾಗ ಕಳೆಯುವ ಆ ಐದೆಳೆಯ ಏರ್ಪಾಡಿನಲ್ಲಿ ಹಗ್ಗವನ್ನು ಒಳಕ್ಕೆ ಎಳೆಯಲು 36 ಕಿಲೋ ಎಳೆತ ಬೇಕು. ಅದು ತಾನಾಗಿ ಹೊರಕ್ಕೆ ಹರಿಯಬೇಕಾದರೆ ಕೈಯ ಹಿಡಿತ 9 ಕಿಲೋಗಿಂತ ಕೆಳಗೆ ಇಳಿಯಬೇಕು. ನಡುವಿನ ಅಷ್ಟೂ ಅಂತರದಲ್ಲಿ ಹಗ್ಗ ಅಲ್ಲಾಡದೆ ನಿಂತಿರುತ್ತದೆ. ಹತ್ತರಲ್ಲಿ ಒಂದೇ ಭಾಗ ಕಳೆಯುವ ಒಳ್ಳೆಯ ರಾಟೆಗಳಿದ್ದರೆ ಎಳೆಯಲು 24 ಕಿಲೋ, ಹರಿಯಬಿಡಲು 16 ಕಿಲೋ. ಕೈ ಹೇಳಿದ್ದನ್ನು ಹಾಯಿ ಕೂಡಲೇ ಕೇಳುತ್ತದೆ. ಭಾರ ನೂರು ಕಿಲೋ ಇದ್ದಾಗ ಇದನ್ನು ಹೇಗೋ ಸಂಭಾಳಿಸಬಹುದು. ಗಾಳಿ ತೆಳುವಾದಾಗ, ಹಾಯಿ ಐದು ಕಿಲೋ ಬಲದಿಂದ ಮಾತ್ರ ಜಗ್ಗುವಾಗ, ಗೋಜಲಿನ ಏರ್ಪಾಡಿನಲ್ಲಿ ಅರ್ಧ ಕಿಲೋ ಅಡ್ಡಿಯೂ ಹಗ್ಗವನ್ನು ತಡೆದು ನಿಲ್ಲಿಸುತ್ತದೆ. ಒದ್ದೆಯಾಗಿ ಬಿರುಸಾದ ಹಗ್ಗದ ಬಾಲಕ್ಕೇ ಅಷ್ಟು ಅಡ್ಡಿ ಒಡ್ಡುವ ಶಕ್ತಿ ಇದೆ. ಕ್ಲೀಟಿನಿಂದ ಬಿಡಿಸಿದ ಮೇಲೂ ಔಟ್‌ಹಾಲ್ ಸಡಿಲದೆ, ಹಾಯಿಯನ್ನು ಕೈಯಿಂದ ತಳ್ಳಬೇಕಾಗುತ್ತಿದ್ದದ್ದು ಇದರಿಂದಲೇ.

ಬಿಡುವುದು ವೇಗದ ಪ್ರಶ್ನೆ ಮಾತ್ರವಲ್ಲ, ಸುರಕ್ಷೆಯದ್ದೂ ಹೌದು. ವ್ಯಾಂಗ್ ಬಿಗಿದಿರುವಾಗ ಬೂಮ್ ತಗ್ಗಿನಲ್ಲಿರುತ್ತದೆ. ಜೋರು ಗಾಳಿಯಲ್ಲಿ ಬುರುಡೆ ಸುತ್ತಿ ದೋಣಿಯನ್ನು ಓರೆಗೆ ತಿರುಗಿಸಿದಾಗ ದೋಣಿ ತುಸು ವಾಲಿದರೂ ಬೂಮಿನ ತುದಿ ನೀರಿಗೆ ಇಳಿಯುತ್ತದೆ. ನೀರು ಅದನ್ನು ಹಿಡಿದು ಎಳೆದರೆ ಹಾಯಿಯ ಗಾಳಿ ಚೆಲ್ಲಲು ದಾರಿಯೇ ಇಲ್ಲ, ದೋಣಿ ಮಗುಚುತ್ತದೆ. ಅಲ್ಲಿ ಕೈಗೆ ಬೇಕಾದದ್ದು ಒಂದೇ ಎಳೆತಕ್ಕೆ ಕ್ಲೀಟಿನಿಂದ ಬಿಟ್ಟುಕೊಂಡು ಸರ್ರನೆ ಹರಿಯುವ ವ್ಯಾಂಗ್.

2001ರ ತಿದ್ದುಪಡಿ ಕೊಟ್ಟ ಉತ್ತರ ಸರಳವಾಗಿತ್ತು. ಕನಿಂಗ್‌ಹ್ಯಾಮ್ ಮತ್ತು ಔಟ್‌ಹಾಲ್ ಹಗ್ಗಗಳು ಕಂಬದ ಬುಡದ ಜೋಡಿ ರಾಟೆಯ ಮೂಲಕ ಇಳಿದು ಡೆಕ್ಕಿನ ಮೇಲೆ ಹಿಂದಕ್ಕೆ ಹರಿದು, ಡ್ಯಾಗರ್‌ಬೋರ್ಡಿನ, ಅಂದರೆ ಒಡಲಿನ ನಡುವಿನಿಂದ ನೀರಿಗೆ ಇಳಿಬಿಡುವ ಹಲಗೆಯ, ಮುಂದಿರುವ ಎರಡು ಕ್ಲೀಟುಗಳಿಗೆ ಬಂದವು. ವ್ಯಾಂಗಿಗೆ ಹೊಸ ರಾಟೆಗಳು ಬಂದು ಅದರ ಶಕ್ತಿ ಹದಿನೈದು ಪಟ್ಟಿನವರೆಗೆ ಏರಿತು. ಅದರ ಕ್ಲೀಟು ಕಂಬದ ಬಳಿಯೇ ಉಳಿದರೂ ಹಗ್ಗ ಎಳೆದ ದಿಕ್ಕಿಗೆ ತಾನೂ ತಿರುಗುತ್ತದೆ, ಹಿಡಿಕೆ ಕಟ್ಟಿದ ಉದ್ದ ಬಾಲ ನಾವಿಕನತ್ತ ಚಾಚಿರುತ್ತದೆ. ಈಗ ಅಂಚಿನ ಮೇಲೆ ಕೂತಲ್ಲಿಂದಲೇ ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಮೂರರಲ್ಲಿ ಯಾವುದು ಬೇಕೋ ಆ ಹಗ್ಗ.

ಹದಿನೈದು ಪಟ್ಟು ಬಂದದ್ದು ಒಂದೇ ಹಗ್ಗವನ್ನು ಹದಿನೈದು ಸಲ ಸುತ್ತಿದ್ದರಿಂದಲ್ಲ. ಒಂದು ಏರ್ಪಾಡಿನ ತುದಿಗೆ ಇನ್ನೊಂದನ್ನು ಕಟ್ಟಿದರೆ ಅವುಗಳ ಬಲ ಕೂಡುವುದಿಲ್ಲ, ಗುಣಿಸುತ್ತದೆ. ಎರಡು ಪಟ್ಟಿನದ್ದನ್ನು ನಾಲ್ಕು ಪಟ್ಟಿನದು ಎಳೆದರೆ ಎಂಟು. ತಿರುವುಗಳು ಕಡಿಮೆ, ನಷ್ಟವೂ ಕಡಿಮೆ. ಹಳೆಯ ಕುಣಿಕೆಗಾರರಿಗೂ ಈ ತತ್ವ ಗೊತ್ತಿತ್ತು. ಕುಣಿಕೆಯ ಜಾಗದಲ್ಲಿ ಗುಂಡುಗಳ ಮೇಲೆ ಉರುಳುವ ರಾಟೆ ಬಂದಾಗ ಮಾತ್ರ ಅದು ಪೂರ್ತಿ ಫಲ ಕೊಟ್ಟಿತು. ಜತೆಗೆ ಡೈನೀಮಾದಂಥ ನಾರಿನ ಹಗ್ಗಗಳೂ ಬಂದವು. ತೆಳ್ಳಗಿದ್ದೂ ಅವು ಹಿಗ್ಗುವುದಿಲ್ಲ. ಹಳೆಯ ಪಾಲಿಯೆಸ್ಟರ್ ಹಗ್ಗದಲ್ಲಿ ಕೈಯ ಎಳೆತದ ಒಂದು ಪಾಲು ಹಗ್ಗವನ್ನು ಹಿಗ್ಗಿಸುವುದರಲ್ಲೇ ವ್ಯಯವಾಗುತ್ತಿತ್ತು.

ಇಡೀ ಏರ್ಪಾಡಿನಲ್ಲಿ ನನಗೆ ತುಂಬ ಹಿಡಿಸುವ ಭಾಗ ಎಲ್ಲಕ್ಕಿಂತ ಅಗ್ಗವಾದದ್ದು. ಹಾಯಿಯ ಹಿಂಮೂಲೆಯನ್ನು ಮುಂದಕ್ಕೆ ಜಗ್ಗುವಂತೆ ಔಟ್‌ಹಾಲಿಗೆ ಸೇರಿಸುವ ಒಂದು ಗೇಣು ರಬ್ಬರ್ ಹಗ್ಗ ಅದು. ಔಟ್‌ಹಾಲನ್ನು ಕ್ಲೀಟಿನಿಂದ ಬಿಟ್ಟ ಕ್ಷಣವೇ ರಬ್ಬರು ಮೂಲೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉಳಿದ ಘರ್ಷಣೆಯನ್ನು ಅದು ಮೀರುತ್ತದೆ, ಗಾಳಿಯೇ ಇಲ್ಲದಾಗಲೂ ಹಾಯಿ ಹೊಟ್ಟೆ ತುಂಬಿಕೊಳ್ಳುತ್ತದೆ. ಇದನ್ನು ಮೊದಲು ಕಟ್ಟಿದವರಿಗೆ ಹಗ್ಗದ ಕೆಲಸದ ಮರ್ಮ ಗೊತ್ತಿತ್ತು.

ತಿದ್ದುಪಡಿಗೆ ಬಂದ ಮುಖ್ಯ ಆಕ್ಷೇಪ ಎರಡು. ದೋಣಿಯ ಸರಳತೆ ಕೆಡುತ್ತದೆ, ನಾವಿಕನ ಕೌಶಲಕ್ಕೆ ಬೆಲೆ ಇಲ್ಲವಾಗುತ್ತದೆ ಎಂಬುದು ಮೊದಲನೆಯದು. ಇದನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಬೆನ್ ಐನ್ಸ್ಲಿ ಚಿನ್ನ ಗೆದ್ದು ಬ್ರೆಜಿಲ್ಲಿನ ರಾಬರ್ಟ್ ಶೈಟ್ ಬೆಳ್ಳಿಗೆ ನಿಂತ 2000ದ ಸಿಡ್ನಿ ಒಲಿಂಪಿಕ್ಸ್ ನಡೆದದ್ದು ಹಳೆಯ ಹಗ್ಗಗಳ ಕಾಲದಲ್ಲಿ. ಹೊಸ ಹಗ್ಗ ಬಂದ ಮೇಲೆ 2004ರ ಅಥೆನ್ಸ್‌ನಲ್ಲಿ ಚಿನ್ನ ಗೆದ್ದದ್ದು ಅದೇ ಶೈಟ್. 1996ರಲ್ಲೂ ಅವರೇ ಗೆದ್ದಿದ್ದರು. ನೀರು ಗಾಳಿ ಓದಬಲ್ಲವರ ಸ್ಥಾನ ಅಲುಗಲಿಲ್ಲ. ಗಂಟು ಕಟ್ಟುವ ಜಾಣ್ಮೆಯಿಂದ, ಬೆನ್ನಿನ ಬಲದಿಂದ ಸಿಗುತ್ತಿದ್ದ ಲಾಭ ಮಾತ್ರ ಕಡಿಮೆಯಾಯಿತು. ಕೌಶಲಕ್ಕೆ ಇನ್ನಷ್ಟು ಜಾಗವಾಯಿತು ಎಂದೇ ನನ್ನ ಎಣಿಕೆ. ಹಳೆಯ ಏರ್ಪಾಡಿನಲ್ಲಿ ಒಮ್ಮೆ ಕಟ್ಟಿ ಹೊರಟ ಹಾಯಿಯನ್ನು ನಡುವೆ ತಿದ್ದಲು ಹಿಂಜರಿಯುತ್ತಿದ್ದವರು ಈಗ ಪ್ರತಿ ಬೀಸಿಗೂ ತಿದ್ದುತ್ತಾರೆ. ತಿದ್ದಲು ಬಂದರೆ ತಾನೇ ಕಲಿಯುವುದು?

ಉಪಕಾರ ಹೆಚ್ಚಾದದ್ದು ಹಗುರ ಮೈಯವರಿಗೆ. ಲೇಸರಿನ ಒಡಲಿಗೆ ಮೂರು ಅಳತೆಯ ಹಾಯಿ ಹಾಕಬಹುದು: ದೊಡ್ಡದು 7.06, ರೇಡಿಯಲ್ 5.76, ಚಿಕ್ಕದು 4.7 ಚದರ ಮೀಟರ್. 2019ರಲ್ಲಿ ಹೆಸರಿನ ಹಕ್ಕಿನ ತಕರಾರಿನಿಂದಾಗಿ ಇವಕ್ಕೆ ವರ್ಗದ ಸಂಘದ ಹೆಸರಿನ ಮೊದಲಕ್ಷರಗಳಿಂದ ಐಎಲ್‌ಸಿಎ 7, 6, 4 ಎಂದು ಹೆಸರು ಬದಲಾಯಿತು. ಮೂರಕ್ಕೂ ಹಗ್ಗದ ಏರ್ಪಾಡು ಒಂದೇ. ರೇಡಿಯಲ್ 2008ರ ಬೀಜಿಂಗ್‌ನಿಂದ ಮಹಿಳೆಯರ ಒಲಿಂಪಿಕ್ ದೋಣಿ. ಹಳೆಯ ವ್ಯಾಂಗನ್ನೇ ಇಟ್ಟುಕೊಂಡಿದ್ದರೆ ಆ ಪಂದ್ಯ ತೋಳ್ಬಲದ ಪಂದ್ಯವಾಗುತ್ತಿತ್ತು. ಚೆನ್ನೈನ ನೇತ್ರಾ ಕುಮನನ್ ಹಾಯಿದೋಣಿ ಸ್ಪರ್ಧೆಯಲ್ಲಿ ಒಲಿಂಪಿಕ್ಸ್ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆಯಾದದ್ದು ಈ ದೋಣಿಯಲ್ಲೇ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದದ್ದು ಚಿಕ್ಕ ಹಾಯಿಯ ಐಎಲ್‌ಸಿಎ 4ರಲ್ಲಿ, ವಿಷ್ಣು ಸರವಣನ್ ಕಂಚು ಗೆದ್ದದ್ದು ದೊಡ್ಡ ಹಾಯಿಯ 7ರಲ್ಲಿ. ಒಬ್ಬ ಹದಿಹರೆಯದ ಹುಡುಗಿಯೂ ಒಬ್ಬ ಸೈನಿಕನೂ ಒಂದೇ ಬಗೆಯ ಹಗ್ಗಗಳಿಂದ ತಮ್ಮ ತಮ್ಮ ಹಾಯಿಯನ್ನು ಪೂರ್ತಿ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂಬುದು ಸಣ್ಣ ಮಾತಲ್ಲ.

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. ಬಲ ಹೆಚ್ಚಾದಾಗ ಆ ಬಲ ಎಲ್ಲಿಗೆ ಹೋಗಿ ತಾಗುತ್ತದೆ ಎಂದು ತಿದ್ದಿದವರು ಸಾಕಷ್ಟು ಯೋಚಿಸಲಿಲ್ಲ. ಇಪ್ಪತ್ತು ಕಿಲೋ ಎಳೆತ ಹದಿನೈದು ಪಟ್ಟಾದರೆ, ಲೆಕ್ಕದಲ್ಲಿ ಮುನ್ನೂರು ಕಿಲೋ. ಘರ್ಷಣೆ ತಿಂದು ಉಳಿದದ್ದೇ ಎಂದರೂ ಅದು ಹಳೆಯ ಕಂಬ ಕಂಡ ಭಾರಕ್ಕಿಂತ ಎಷ್ಟೋ ಹೆಚ್ಚು. ಎರಡು ಕೊಳವೆ ಸೇರುವ ಜಾಗದಲ್ಲಿ ಅಲ್ಯೂಮಿನಿಯಂ ಮೇಲ್ಗೊಳವೆ ಬಾಗಿ, ಹಾಗೇ ಡೊಂಕಾಗಿ ನಿಲ್ಲತೊಡಗಿತು. ಪಂದ್ಯಗಾರರು ಅದನ್ನು ತಿರುಗಿಸಿ ಹಾಕಿ, ಬಗ್ಗಿಸಿ ನೆಟ್ಟಗೆ ಮಾಡಿ, ಕೊನೆಗೆ ಎಸೆದು ಹೊಸದನ್ನು ಕೊಂಡರು. ರಿವೆಟ್ ಹೊಡೆದ ತೂತುಗಳ ಬಳಿ ತುಕ್ಕು ಹಿಡಿದ ಕಂಬಗಳು ಅಲ್ಲೇ ಮುರಿದವು. ಇದಕ್ಕೆ ಪರಿಹಾರವಾಗಿ ಕಾರ್ಬನ್ ನಾರಿನ ಮೇಲ್ಗೊಳವೆಗೆ ಒಪ್ಪಿಗೆ ಸಿಕ್ಕಿದ್ದು 2010ರ ದಶಕದ ಉತ್ತರಾರ್ಧದಲ್ಲಿ. ಅಷ್ಟು ವರ್ಷ ಆ ಖರ್ಚು ಬಿದ್ದದ್ದು ನಾವಿಕರ ಜೇಬಿನ ಮೇಲೆ. ವ್ಯಾಂಗಿನ ಪಟ್ಟು ಏರಿಸಿದ ದಿನವೇ ಕಂಬದ ಪ್ರಶ್ನೆಯನ್ನೂ ಎತ್ತಿಕೊಳ್ಳಬೇಕಿತ್ತು. ಈ ಸುಧಾರಣೆಯ ದೊಡ್ಡ ದೋಷ ಇದು.

ಇನ್ನೊಂದು ದೋಷ ಸುಧಾರಣೆಯದ್ದಲ್ಲ, ಅದರ ಬಳಕೆಯದ್ದು. ಬಿಗಿಯುವ ಬಲ ಅಂಕಿಯಲ್ಲಿ ಹೇಳಲು ಸುಲಭ, ಮಾರಲು ಸುಲಭ. ಹೀಗಾಗಿ ಹಳೆಯ ದೋಣಿಗೆ ಮರುಜೀವ ಕೊಡಲು ಹೊರಟವರು ಮೊದಲು ಕೊಳ್ಳುವುದು ಎಲ್ಲಕ್ಕಿಂತ ದುಬಾರಿಯಾದ ಇಡೀ ಕಿಟ್ಟನ್ನು. ಕನಿಂಗ್‌ಹ್ಯಾಮಿಗೂ ಔಟ್‌ಹಾಲಿಗೂ ನಿಯಮ ಬಿಟ್ಟಷ್ಟೂ ಪಟ್ಟು ತುರುಕುತ್ತಾರೆ. ಪಟ್ಟು ಎರಡರಷ್ಟಾದರೆ ಎಳೆಯಬೇಕಾದ ಹಗ್ಗದ ಉದ್ದವೂ ಎರಡರಷ್ಟಾಗುತ್ತದೆ. ಹದಿನೈದು ಪಟ್ಟಿನ ವ್ಯಾಂಗಿನಲ್ಲಿ ಬೂಮಿನ ಕಡೆ ಒಂದು ಸೆಂಟಿಮೀಟರ್ ಸರಿಯಬೇಕಾದರೆ ಕೈಯಲ್ಲಿ ಹದಿನೈದು ಸೆಂಟಿಮೀಟರ್ ಹಗ್ಗ ಎಳೆಯಬೇಕು. ಬಿಟ್ಟಾಗಲೂ ಅಷ್ಟೇ ಹಗ್ಗ ಎಲ್ಲ ತಿರುವುಗಳನ್ನು ದಾಟಿ ಹಿಂದಕ್ಕೆ ಹೋಗಬೇಕು. ವ್ಯಾಂಗಿಗೆ ಆ ಬಲ ಬೇಕು, ಒಪ್ಪೋಣ. ಔಟ್‌ಹಾಲಿಗೆ ಅಷ್ಟು ಬೇಕಿಲ್ಲ. ಅಲ್ಲಿ ಒಂದು ತಿರುವು ಕಡಿಮೆ ಮಾಡಿದಷ್ಟೂ ಹಾಯಿ ಬೇಗ ಹೊಟ್ಟೆಬಿಡುತ್ತದೆ.

ನಮ್ಮಲ್ಲಿ ಈ ವಿಷಯಕ್ಕೆ ಬೇರೆಯೇ ತೂಕವಿದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತ್ರಿಷ್ಣಾ ಸೈಲಿಂಗ್ ಕ್ಲಬ್ ಇದೆ. ಸೇನೆಯ ಎಂಜಿನಿಯರುಗಳು 1985ರಿಂದ 87ರ ತನಕ ಭೂಮಿಯನ್ನು ಸುತ್ತಿಬಂದ ದೋಣಿಯ ಹೆಸರೂ ತ್ರಿಷ್ಣಾ. ಹಾಯಿದೋಣಿ ಎಂದರೆ ಕರಾವಳಿಯ ಮೀನುಗಾರಿಕೆ ಎಂದಷ್ಟೇ ತಿಳಿದಿರುವ ಒಳನಾಡಿನವರಿಗೆ ಈ ಆಟ ಕೆರೆಯಲ್ಲೂ ಬೆಳೆಯಬಲ್ಲದು ಎಂದು ತೋರಿಸಿಕೊಟ್ಟ ಜಾಗಗಳಲ್ಲಿ ಅದೂ ಒಂದು. ಕೆರೆಯ ಗಾಳಿ ಕಟ್ಟಡ ಮರಗಳ ನಡುವಿನಿಂದ ತುಂಡುತುಂಡಾಗಿ ಬರುತ್ತದೆ, ಗಳಿಗೆಗೊಮ್ಮೆ ದಿಕ್ಕು ಬಲ ಎರಡೂ ಬದಲಾಗುತ್ತವೆ. ಇಂಥಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಬೇಗ ಸಡಿಲುವ ಔಟ್‌ಹಾಲ್, ಹದಿನೈದು ಪಟ್ಟಿನ ಬಿಗಿತವಲ್ಲ. ಸಮುದ್ರದ ಉಪ್ಪು ರಾಟೆಯ ಗುಂಡುಗಳ ನಡುವೆ ಹರಳುಗಟ್ಟುವ ಕಾಟ ಕೆರೆಯಲ್ಲಿಲ್ಲ. ಬಿಸಿಲಿನ ಕಾಟ ಮಾತ್ರ ಎರಡೂ ಕಡೆ ಒಂದೇ. ವರ್ಷವಿಡೀ ದೋಣಿಯ ಮೇಲೆ ಬಿಟ್ಟ ಹಗ್ಗದ ಮೇಲ್ಪದರ ಬಿಸಿಲಿಗೆ ಸವೆದು ಬಿರುಸಾಗುತ್ತದೆ, ಅಂಥ ಹಗ್ಗ ಒಳ್ಳೆಯ ರಾಟೆಯಲ್ಲೂ ಓಡುವುದಿಲ್ಲ.

ಹಳೆಯ ಲೇಸರನ್ನು ಕೊಂಡವರು, ಕ್ಲಬ್ಬಿನ ದೋಣಿಗಳನ್ನು ನೋಡಿಕೊಳ್ಳುವವರು ಕೈಹಚ್ಚುವ ಮುನ್ನ ಒಡಲನ್ನು ನೋಡಬೇಕು. ಕಂಬ ನಿಲ್ಲುವ ಕುಳಿಗೆ ನೀರು ತುಂಬಿಸಿ ಸ್ವಲ್ಪ ಹೊತ್ತು ಬಿಡಿ. ನೀರಿನ ಮಟ್ಟ ಇಳಿದರೆ ಕುಳಿಯ ಬೆಸುಗೆ ಬಿಟ್ಟಿದೆ ಎಂದರ್ಥ. ಆ ದೋಣಿಗೆ ಬಲವಾದ ವ್ಯಾಂಗ್ ಹಾಕಿದರೆ ಕಂಬ ಡೆಕ್ಕನ್ನೇ ಸೀಳಬಹುದು. ಮೊದಲು ಅದನ್ನು ರಿಪೇರಿ ಮಾಡಿಸಬೇಕು. ಕಂಬದ ರಿವೆಟ್ಟುಗಳ ಸುತ್ತ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಉಕ್ಕಿನ ರಿವೆಟ್ಟಿನ ಪಕ್ಕದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತಿರುವುದರ ಗುರುತು ಅದು. ಡೆಕ್ಕಿನ ಹಳೆಯ ಕ್ಲೀಟಿನ ಸ್ಕ್ರೂ ಸಡಿಲವಿದ್ದರೆ ಅದೇ ತೂತಿಗೆ ಹೊಸ ಕ್ಲೀಟನ್ನು ಕೂರಿಸಬೇಡಿ.

ಒಡಲು ಗಟ್ಟಿಯಿದ್ದರೆ ಮೊದಲ ಖರ್ಚು ವ್ಯಾಂಗಿಗೆ. ಅಲ್ಲಿ ಒಳ್ಳೆಯ ರಾಟೆ ಕೊಳ್ಳಿ, ಜಿಪುಣತನ ಬೇಡ. ಭಾರ ಹೊರುವ ಗಿಡ್ಡ ಭಾಗಕ್ಕೆ ಡೈನೀಮಾ, ಕೈ ಹಿಡಿಯುವ ಬಾಲಕ್ಕೆ ತುಸು ದಪ್ಪನೆಯ ಮೆತ್ತನೆಯ ಪಾಲಿಯೆಸ್ಟರ್. ಡೈನೀಮಾಕ್ಕೆ ಗಂಟು ಹಾಕಿದರೆ ಜಾರುತ್ತದೆ, ಹಗ್ಗದ ಬಲವೂ ಕುಗ್ಗುತ್ತದೆ. ಎಳೆಯೊಳಗೆ ಎಳೆ ತೂರಿಸಿ ಹೆಣೆಯುವುದನ್ನು ಕಲಿತುಕೊಳ್ಳಿ, ಒಂದು ಮಧ್ಯಾಹ್ನದ ಕೆಲಸ. ಎರಡನೆಯದು ಔಟ್‌ಹಾಲನ್ನು ಡೆಕ್ಕಿಗೆ ತರುವುದು, ರಬ್ಬರ್ ಹಗ್ಗ ಸಮೇತ. ಕನಿಂಗ್‌ಹ್ಯಾಮಿಗೆ ಬಳೆ ಹಾಕಿದ ಕುಣಿಕೆಗಳೇ ಇನ್ನೂ ಕೆಲವು ವರ್ಷ ಸಾಕು. ಅದನ್ನು ಬಿಟ್ಟಾಗ ಬಿಗಿದ ಬಟ್ಟೆಯೇ ಹಗ್ಗವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಎಲ್ಲ ಕಟ್ಟಿದ ಮೇಲೆ ದೋಣಿಯನ್ನು ನೀರಿಗೆ ಇಳಿಸುವ ಮುಂಚೆ ದಡದಲ್ಲೇ ಪೂರ್ತಿ ಬಿಗಿದು, ಒಮ್ಮೆಗೇ ಬಿಟ್ಟು ನೋಡಿ. ಹಗ್ಗ ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ತಿರುವು ಹೆಚ್ಚಾಗಿದೆ, ತೆಗೆದುಬಿಡಿ.

ಕ್ಲಬ್ಬುಗಳನ್ನು ನಡೆಸುವವರಲ್ಲಿ ಒಂದು ಕೋರಿಕೆ. ಹಣ ಒಂದೇ ದೋಣಿಗೆ ಸಾಲುವಷ್ಟಿದ್ದರೆ ಅದನ್ನು ಮಕ್ಕಳು ಕಲಿಯುವ ದೋಣಿಗೆ ಹಾಕಿ. ಪಂದ್ಯಕ್ಕೆ ಹೋಗುವವರು ಹಳೆಯ ಹಗ್ಗದಲ್ಲೂ ದೋಣಿ ನಡೆಸಬಲ್ಲರು. ನಲವತ್ತೈದು ಕಿಲೋದ ಹುಡುಗಿಗೆ ಆಗುವುದಿಲ್ಲ.